ಇಳಿದವನಿಗೂ ಏಣಿ ಇರಲಿ

ಸೋತವನನ್ನು ಕೆಳಗಿಳಿಸುವುದು ನ್ಯಾಯವೇ? ಆಟದ ಮೈದಾನದಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಗೆದ್ದವನು ಏರಬೇಕು, ಸೋತವನು ಇಳಿಯಬೇಕು, ಅಷ್ಟೆ. ಆದರೆ ಇದೇ ಪ್ರಶ್ನೆ ನಮ್ಮ ಮನೆಯ ಜಗಲಿಗೆ ಬಂದು ಕುಳಿತಾಗ ಉತ್ತರ ಅಷ್ಟು ಸುಲಭವಾಗಿ ಹೊಳೆಯುವುದಿಲ್ಲ. ಪಿಯುಸಿಯಲ್ಲಿ ಅಂಕ ಕಡಿಮೆಯಾದ ಮಗ, ಕೆಲಸ ಕಳೆದುಕೊಂಡು ಗಲ್ಫಿನಿಂದ ಮರಳಿದ ತಮ್ಮ, ವ್ಯಾಪಾರದಲ್ಲಿ ಕೈಸುಟ್ಟುಕೊಂಡ ಭಾವ, ಇವರೆಲ್ಲ ಇಳಿದವರೇ. ಇವರ ಬಗ್ಗೆ ಯೋಚಿಸುವ ಮುನ್ನ ಒಮ್ಮೆ ಮೈದಾನಕ್ಕೆ ಹೋಗಿ ಬರೋಣ.

ನಮ್ಮ ರಾಜ್ಯದ್ದೇ ಒಂದು ತಂಡ ಸ್ಪೋರ್ಟಿಂಗ್ ಕ್ಲಬ್ ಬೆಂಗಳೂರು. 2023-24ರಲ್ಲಿ ಅದು ದೇಶದ ಮೂರನೆಯ ದರ್ಜೆಯ ಫುಟ್‌ಬಾಲ್ ಪಂದ್ಯಾವಳಿಯನ್ನು ಗೆದ್ದು ಎರಡನೆಯ ದರ್ಜೆಯಾದ ಐ-ಲೀಗ್‌ಗೆ ಏರಿತು. 2024-25ರಲ್ಲಿ ಅಲ್ಲಿ 12 ತಂಡಗಳು, ಪ್ರತಿ ತಂಡಕ್ಕೂ 22 ಪಂದ್ಯಗಳು. ಗೋವಾದ ಚರ್ಚಿಲ್ ಬ್ರದರ್ಸ್, ಕೇರಳದ ಗೋಕುಲಂನಂಥ ಪಳಗಿದ ತಂಡಗಳೊಡನೆ ಸೆಣಸಾಟ. ಕೊನೆಗೆ ಪಟ್ಟಿಯ ತಳದ ಎರಡು ಸ್ಥಾನಗಳಲ್ಲಿ ದೆಹಲಿ ಎಫ್‌ಸಿ ಮತ್ತು ಈ ಬೆಂಗಳೂರಿನ ತಂಡ ಉಳಿದವು. ಏರಿದ ಮರುವರ್ಷವೇ ಇಳಿಯಬೇಕಾಯಿತು. ಬೆಂಗಳೂರಿಗೆ ಇದು ಹೊಸ ಅನುಭವವಲ್ಲ. ಎಚ್‌ಎಎಲ್ ಕಾರ್ಖಾನೆಯ ತಂಡವೂ 2010ರಲ್ಲಿ ಐ-ಲೀಗ್‌ಗೆ ಏರಿ, ಎರಡು ಸಾಲು ಆಡಿ, 2012ರಲ್ಲಿ ಇಳಿದಿತ್ತು.

ಅದೇ 2025ರ ಏಪ್ರಿಲ್‌ನಲ್ಲಿ ಅದೇ ಊರಿನ ಮತ್ತೊಂದು ತಂಡ, ಬೆಂಗಳೂರು ಎಫ್‌ಸಿ, ಮೊದಲ ದರ್ಜೆಯಾದ ಐಎಸ್‌ಎಲ್‌ನ ಫೈನಲ್ ಆಡಿತು. ಮೋಹನ್ ಬಾಗಾನ್ ಎದುರು 2-1ರಿಂದ ಸೋತರೂ ಮುಂದಿನ ವರ್ಷದ ಅದರ ಸ್ಥಾನಕ್ಕೆ ಭಂಗ ಬರುವ ಪ್ರಶ್ನೆಯೇ ಇರಲಿಲ್ಲ. ಫೈನಲ್ ತಲುಪಿದ ತಂಡಕ್ಕೆ ಅದು ಸಲ್ಲತಕ್ಕದ್ದೇ. ಆದರೆ ಆ ಸಾಲಿನಲ್ಲಿ ಐಎಸ್‌ಎಲ್‌ನ ಕಟ್ಟಕಡೆಯ ಸ್ಥಾನ ಪಡೆದ ಕೋಲ್ಕತ್ತದ ಮೊಹಮ್ಮಡನ್ ಸ್ಪೋರ್ಟಿಂಗ್ ತಂಡವೂ ಕೆಳಗಿಳಿಯಲಿಲ್ಲ! ಕಾರಣವಿಷ್ಟೆ: 2014ರಲ್ಲಿ ಆರಂಭವಾದ ಐಎಸ್‌ಎಲ್‌ನಲ್ಲಿ ದೊಡ್ಡ ಮೊತ್ತ ತೆತ್ತವರಿಗೆ ಸ್ಥಾನ ಸಿಕ್ಕಿತು. 2024-25ರ ಸಾಲಿನವರೆಗೆ ಆಟದಲ್ಲಿ ಸೋತ ಕಾರಣಕ್ಕಾಗಿ ಅಲ್ಲಿಂದ ಯಾವ ತಂಡವೂ ಇಳಿಯಲಿಲ್ಲ. ಐ-ಲೀಗ್ ಗೆದ್ದ ತಂಡಕ್ಕೆ ಮೇಲೇರುವ ಬಾಗಿಲು ತೆರೆದದ್ದು 2022-23ರಲ್ಲಿ. ಹೀಗೆ ಮಹಡಿಯ ಮೇಲಿದ್ದವರಿಗೆ ಬೀಳುವ ಭಯವಿರಲಿಲ್ಲ; ಇಳಿಯುವ ನಿಯಮವೆಲ್ಲ ಕೆಳಗಿನವರ ಪಾಲಿಗೇ ಬಂತು.

ಭರವಸೆ ಎಂದರೇನು?

13ನೆಯ ಶತಮಾನದ ದಾರ್ಶನಿಕ ಸಂತ ತೋಮಸ್ ಅಕ್ವಿನಾಸರು ಭರವಸೆಗೆ ನಾಲ್ಕು ಗುರುತುಗಳನ್ನು ಹೇಳಿದ್ದಾರೆ. ನಾವು ಆಶಿಸುವ ವಸ್ತು ಒಳ್ಳೆಯದಾಗಿರಬೇಕು, ಇನ್ನೂ ಕೈಗೆ ಬಾರದಿರಬೇಕು, ಕಷ್ಟದ್ದಾಗಿರಬೇಕು, ಆದರೆ ಸಾಧ್ಯವಾಗಿರಬೇಕು. ಕೊನೆಯ ಎರಡು ಗುರುತುಗಳನ್ನು ಗಮನಿಸಿ. ಕಷ್ಟವಿಲ್ಲದ ಕಡೆ ಭರವಸೆಯ ಅಗತ್ಯವೇ ಇಲ್ಲ. ಸಾಧ್ಯತೆಯೇ ಇಲ್ಲದ ಕಡೆ ಭರವಸೆ ಬದುಕುವುದೂ ಇಲ್ಲ. ಭರವಸೆಗೆ ಎರಡು ಶತ್ರುಗಳಿವೆ ಎಂದೂ ಅವರು ಹೇಳುತ್ತಾರೆ. ಒಂದು, ಹತಾಶೆ: 'ನನ್ನಿಂದ ಎಂದಿಗೂ ಆಗದು' ಎನ್ನುವುದು. ಇನ್ನೊಂದು, ಅತಿಭರವಸೆ: 'ನನಗೆ ಏನೂ ಆಗದು' ಎನ್ನುವುದು. ಮೇಲಿನವನು ಬೀಳಲಾರ, ಕೆಳಗಿನವನು ಏರಲಾರ ಎಂಬ ವ್ಯವಸ್ಥೆ ಈ ಎರಡೂ ರೋಗಗಳನ್ನು ಒಟ್ಟಿಗೇ ಹುಟ್ಟಿಸುತ್ತದೆ.

ಇದಕ್ಕೆ ಜರ್ಮನಿಯ ಹ್ಯಾಂಬರ್ಗ್ ಕ್ಲಬ್ ಒಳ್ಳೆಯ ನಿದರ್ಶನ. 1963ರಲ್ಲಿ ಆ ದೇಶದ ಮೊದಲ ದರ್ಜೆಯ ಲೀಗ್ ಆರಂಭವಾದಂದಿನಿಂದ ಒಮ್ಮೆಯೂ ಇಳಿಯದ ಏಕೈಕ ತಂಡವಾಗಿ ಅದು ಹೆಸರು ಮಾಡಿತ್ತು. ಮೇಲಿನ ದರ್ಜೆಯಲ್ಲಿ ಕಳೆದ ವರ್ಷ, ದಿನ, ಗಂಟೆಗಳನ್ನು ಎಣಿಸುವ ಗಡಿಯಾರವೊಂದನ್ನು ತನ್ನ ಕ್ರೀಡಾಂಗಣದಲ್ಲಿ ತೂಗುಹಾಕಿತ್ತು. 2018ರ ಮೇ ತಿಂಗಳಲ್ಲಿ ತಂಡ ಇಳಿಯಿತು. ಆ ಗಡಿಯಾರಕ್ಕೆ ಅರ್ಥ ಉಳಿಯಲಿಲ್ಲ.

ಒಂದೇ ವರ್ಷದಲ್ಲಿ ಮರಳುತ್ತೇವೆ ಎಂದುಕೊಂಡವರಿಗೆ ಏಳು ಸಾಲುಗಳು ಬೇಕಾದವು. ಮೊದಲ ಮೂರು ವರ್ಷ ನಾಲ್ಕನೆಯ ಸ್ಥಾನ, ಮತ್ತೆರಡು ವರ್ಷ ಮೂರನೆಯ ಸ್ಥಾನ, ಮತ್ತೆ ನಾಲ್ಕನೆಯದು. 2023ರಲ್ಲಂತೂ ಕೊನೆಯ ಪಂದ್ಯ ಮುಗಿದೊಡನೆ ಅಭಿಮಾನಿಗಳು 'ಏರಿದೆವು' ಎಂದು ಮೈದಾನಕ್ಕಿಳಿದು ಕುಣಿದರು. ಅಷ್ಟರಲ್ಲಿ ಇನ್ನೊಂದು ಊರಿನಲ್ಲಿ ಹೈಡನ್‌ಹೈಮ್ ತಂಡ ಹೆಚ್ಚುವರಿ ನಿಮಿಷಗಳಲ್ಲಿ ಎರಡು ಗೋಲು ಹೊಡೆದು ಆ ಸ್ಥಾನವನ್ನು ಕಸಿದುಕೊಂಡಿತು. ಆದರೂ ಮರುವರ್ಷ ಪಂದ್ಯಗಳಿಗೆ ಸರಾಸರಿ 50,000ಕ್ಕೂ ಹೆಚ್ಚು ಮಂದಿ ಬಂದರು, ಅದೂ ಎರಡನೆಯ ದರ್ಜೆಯ ಆಟ ನೋಡಲು! 2025ರ ಮೇ 10ರಂದು ಉಲ್ಮ್ ತಂಡವನ್ನು 6-1ರಿಂದ ಸೋಲಿಸಿ ಹ್ಯಾಂಬರ್ಗ್ ಮತ್ತೆ ಮೇಲೇರಿತು.

ಇಲ್ಲಿ ಕಲಿಯಬೇಕಾದದ್ದು ಎರಡಿದೆ. ಮೊದಲನೆಯದು, ಅಲ್ಲಿ ಏಣಿಯನ್ನು ಯಾರೂ ತೆಗೆದಿಡಲಿಲ್ಲ. ಆರು ಬಾರಿ ಕೈತಪ್ಪಿದರೂ ಏಳನೆಯ ಬಾರಿ ಬಾಗಿಲು ತೆರೆದೇ ಇತ್ತು. ಎರಡನೆಯದು, ಇಳಿದವರನ್ನು ಬೀದಿಗೆ ಎಸೆಯಲಿಲ್ಲ. ಜರ್ಮನಿಯಲ್ಲಿ ಟಿ.ವಿ. ಪ್ರಸಾರದ ಹಣವನ್ನು ಮೊದಲೆರಡು ದರ್ಜೆಗಳ 36 ತಂಡಗಳೂ ಹಂಚಿಕೊಳ್ಳುತ್ತವೆ. ಮೇಲಿನವರಿಗೆ ದೊಡ್ಡ ಪಾಲು ನಿಜ, ಆದರೆ ಕೆಳಗಿನವರ ಒಲೆಯೂ ಉರಿಯುತ್ತದೆ.

ಇದಕ್ಕೆ ಆಕ್ಷೇಪಣೆಯೂ ಇದೆ. 'ಕೋಟಿಗಟ್ಟಲೆ ಸುರಿದವನು ಒಂದು ಕೆಟ್ಟ ವರ್ಷದಿಂದ ಎಲ್ಲವನ್ನೂ ಕಳೆದುಕೊಳ್ಳಬೇಕೇ? ತಂಡ ಮುಚ್ಚಿದರೆ ಆಟಗಾರರ ಸಂಬಳದ ಗತಿಯೇನು?' ಎಂದು ಕೇಳುವವರಿದ್ದಾರೆ. ಈ ಮಾತಿನಲ್ಲಿ ಹುರುಳಿಲ್ಲದಿಲ್ಲ. ಆದರೆ ಇದಕ್ಕೆ ಪರಿಹಾರ ಇಳಿದವನಿಗೆ ಆಸರೆ ಒದಗಿಸುವುದೇ ಹೊರತು, ಏರುವವನ ಮುಂದೆ ಬಾಗಿಲು ಮುಚ್ಚುವುದಲ್ಲ. ಬಡ ಆಟಗಾರನ ಹೆಸರು ಹೇಳಿ ಧಣಿಯ ಕುರ್ಚಿಯನ್ನು ಕಾಯುವುದು ನ್ಯಾಯವೆನಿಸದು.

ಆದ್ದರಿಂದ ನಮ್ಮ ಮೊದಲ ಪ್ರಶ್ನೆಗೆ ಉತ್ತರ ಇದು: ಸೋತವನನ್ನು ಇಳಿಸುವುದು ಅನ್ಯಾಯವಲ್ಲ, ಆದರೆ ಮೂರು ಷರತ್ತುಗಳ ಮೇಲೆ. ನಿಯಮ ಎಲ್ಲರಿಗೂ ಒಂದೇ ಆಗಿರಬೇಕು. ಇಳಿದವನಿಗೆ ಮತ್ತೆ ಏರುವ ದಾರಿ ಇರಬೇಕು. ಅವನ ಮೆಟ್ಟಿಲು ಬದಲಾದರೂ ಅವನ ಬೆಲೆ ಬದಲಾಗಬಾರದು.

ನಮ್ಮ ಮನೆಗಳಲ್ಲಿ

ಈಗ ಮನೆಗೆ ಮರಳೋಣ. ಹಣ ತೆತ್ತು ಪಡೆಯುವ 'ಸೀಟು' ಎಂಬುದು ನಮ್ಮ ಮಂಗಳೂರಿನ ತಂದೆತಾಯಿಗಳಿಗೆ ಹೊಸ ಮಾತೇ? ಮಗ ಸೋಲಬಾರದೆಂದು ಅವನಿಗೊಂದು ಕುರ್ಚಿ ಕೊಂಡುಕೊಡುವಾಗ, ಆ ಕುರ್ಚಿಗಾಗಿ ಹಗಲಿರುಳು ಓದಿದ ಇನ್ನೊಬ್ಬರ ಮಗಳ ನೆನಪು ನಮಗಿರುತ್ತದೆಯೇ? ಅಷ್ಟೇ ಅಲ್ಲ, ಬೀಳುವ ಭಯವನ್ನೇ ಅರಿಯದೆ ಬೆಳೆದ ಮಗನಿಗೆ ನಾವು ಅತಿಭರವಸೆಯನ್ನು ಆಸ್ತಿಯಾಗಿ ಬರೆದುಕೊಟ್ಟಂತಾಯಿತು.

ಇನ್ನು ಕಡಿಮೆ ಅಂಕ ತಂದವನು. ಅವನನ್ನು 'ನೀನೂ ಪಾಸೇ' ಎಂದು ಸುಳ್ಳು ಹೇಳಿ ಸಮಾಧಾನಪಡಿಸಬೇಕಿಲ್ಲ. ಅಂಕ ಕಡಿಮೆಯಾದದ್ದು ನಿಜ. ಆದರೆ ಮದುವೆ ಮನೆಯಲ್ಲಿ ನೆಂಟರು ವಿಚಾರಿಸಿದಾಗ ಅಣ್ಣನ ಹೆಸರನ್ನು ಎತ್ತರದ ದನಿಯಲ್ಲಿ, ಇವನ ಹೆಸರನ್ನು ತಗ್ಗಿದ ದನಿಯಲ್ಲಿ ಹೇಳುತ್ತೇವಲ್ಲ, ಆ ಕ್ಷಣದಲ್ಲೇ ಅವನ ಏಣಿಯನ್ನು ನಾವು ಎಳೆದುಕೊಳ್ಳುತ್ತೇವೆ. ಏಳು ವರ್ಷ ಸೋತ ತಂಡಕ್ಕಾಗಿ ಸಾವಿರಾರು ಜನ ಟಿಕೆಟು ಕೊಂಡು ಕಾದರು. ನಮ್ಮ ಕರುಳಕುಡಿಗಾಗಿ ನಾವು ಒಂದೆರಡು ವರ್ಷವಾದರೂ ಕಾಯಲಾರೆವೇ?

ಮಳೆಗಾಲದಲ್ಲಿ ನೆಹರೂ ಮೈದಾನದ ಕಡೆ ಹೋದಾಗ ಕೆಸರಿನಲ್ಲಿ ಚೆಂಡಾಡುವ ಹುಡುಗರನ್ನು ನೋಡಿ. ಬಿದ್ದವನಿಗೆ ಮೊದಲು ಕೈಚಾಚುವವನು ಅವನ ತಂಡದವನೇ. ಮನೆ ಎಂಬುದೂ ಒಂದು ತಂಡವೇ ಅಲ್ಲವೇ?