ಇಚ್ಛೆ, ಪ್ರಯತ್ನ, ಚೇಷ್ಟೆ: ಪಾರ್ಕಿನ್ಸನ್ ದಣಿವು ಎತ್ತುವ ಪ್ರಶ್ನೆ

ಪಾರ್ಕಿನ್ಸನ್ ಕಾಯಿಲೆಯ ದಣಿವು ದುಡಿದು ಬರುವ ದಣಿವಲ್ಲ. ಮಲಗೆದ್ದರೆ ಹೋಗುವಂಥದ್ದೂ ಅಲ್ಲ. ರೋಗಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಯನ್ನು ಇದು ಕಾಡುತ್ತದೆ. ನಡುಕ, ಸೆಡೆತಗಳು ಎಷ್ಟಿವೆ ಎಂಬುದರಿಂದ ದಣಿವು ಎಷ್ಟಿದೆ ಎಂದು ಅಳೆಯಲಾಗದು. ಖಿನ್ನತೆ, ನಿದ್ರಾಭಂಗಗಳೊಂದಿಗೆ ಇದು ಹೆಣೆದುಕೊಂಡಿರುವುದುಂಟು. ಅವೆರಡೂ ಇಲ್ಲದವರಲ್ಲಿ ಒಂಟಿಯಾಗಿ ಇರುವುದೂ ಉಂಟು. ಕಣ್ಣಿಗೆ ಕಾಣದ ಕಾರಣ ಸುತ್ತಲಿನವರು ಇದನ್ನು ಸೋಮಾರಿತನವೆಂದು ಎಣಿಸುತ್ತಾರೆ. ಪ್ರಯತ್ನವೆನ್ನುವುದು ದೇಹದ್ದೋ ಆತ್ಮದ್ದೋ, ಅದು ಕುಂದಿದಾಗ ಹೊಣೆ ಯಾರದು ಎಂಬ ಹಳೆಯ ಪ್ರಶ್ನೆ ಇಲ್ಲಿ ಮತ್ತೆ ಏಳುತ್ತದೆ.

ಮಿದುಳಿನ ಆಳದ ಪ್ರಚೋದನೆ, ಅಂದರೆ ಡಿಬಿಎಸ್, ಈ ಪ್ರಶ್ನೆಯನ್ನು ಮೊನಚಾಗಿಸಿದೆ. ಫ್ರಾನ್ಸಿನ ಗ್ರೆನೋಬಲ್‌ನಲ್ಲಿ 1987ರಲ್ಲಿ ಅಲಿಂ ಲೂಯಿ ಬೆನಾಬಿಡ್, ಪಿಯೆರ್ ಪೊಲಾಕ್ ಮತ್ತು ಸಂಗಡಿಗರು ಮಿದುಳಿನ ಆಳದಲ್ಲಿರುವ ಥಲಾಮಸ್‌ಗೆ ವಿದ್ಯುತ್ ಸ್ಪಂದನಗಳನ್ನು ಹಾಯಿಸಿ ನಡುಕವನ್ನು ಹತೋಟಿಗೆ ತಂದರು. 1993ರಲ್ಲಿ ಅದರ ಕೆಳಗಿನ ಸಬ್‌ಥಲಾಮಿಕ್ ನ್ಯೂಕ್ಲಿಯಸ್ ಚಿಕಿತ್ಸೆಯ ಗುರಿಯಾಯಿತು. ಎದೆಯ ಚರ್ಮದಡಿ ಇಟ್ಟ ಸಾಧನವೊಂದು ತೆಳುತಂತಿಗಳ ಮೂಲಕ ಸೆಕೆಂಡಿಗೆ ಸುಮಾರು 130 ಸ್ಪಂದನಗಳನ್ನು ಅಲ್ಲಿಗೆ ಕಳಿಸುತ್ತದೆ. ನಡುಕ, ಸೆಡೆತ ತಗ್ಗುತ್ತವೆ, ಔಷಧಿಯನ್ನೂ ಇಳಿಸಬಹುದು. ದಣಿವಿನ ಮಟ್ಟಿಗೆ ಮಾತ್ರ ಫಲ ಒಂದೇ ಬಗೆಯದಲ್ಲ. ಕೆಲವರಿಗೆ ಅದು ಹಗುರವಾಗುತ್ತದೆ, ಕೆಲವರಿಗೆ ಹಾಗೆಯೇ ಉಳಿಯುತ್ತದೆ. ಮಿದುಳಿನಲ್ಲಿ ಕುಸಿದ ಡೋಪಮಿನ್ ಎಂಬ ರಾಸಾಯನಿಕದ ಕೊರತೆ ತುಂಬುವ ಔಷಧಿಗಳನ್ನು ಹೆಚ್ಚು ಇಳಿಸಿದಾಗ ನಿರಾಸಕ್ತಿ ತಲೆದೋರುವುದೂ ಇದೆ. ಕೈಕಾಲು ಆಡತೊಡಗಿದರೂ ಆಡಿಸುವ ಶ್ರಮ ಕಡಿಮೆಯಾಗದೆ ಉಳಿಯಬಹುದು.

ಇದನ್ನು ಬಿಡಿಸಿ ನೋಡಲು ಭಾರತೀಯ ದರ್ಶನಗಳಲ್ಲಿ ನ್ಯಾಯ-ವೈಶೇಷಿಕರ ಕ್ರಮ ಒದಗಿಬರುತ್ತದೆ. ಅವರ ಪ್ರಕಾರ ಜ್ಞಾನದಿಂದ ಇಚ್ಛೆ, ಇಚ್ಛೆಯಿಂದ ಪ್ರಯತ್ನ, ಪ್ರಯತ್ನದಿಂದ ಶರೀರದ ಚೇಷ್ಟೆ. ಮೊದಲ ಮೂರು ಆತ್ಮದ ಗುಣಗಳು, ಕೊನೆಯದು ದೇಹದ ಕ್ರಿಯೆ. ಈ ಸರಪಳಿ ಪಾರ್ಕಿನ್ಸನ್ ರೋಗಿಯಲ್ಲಿ ಮೂರು ಕಡೆ ತುಂಡಾಗಬಲ್ಲದು. ಏಳಬೇಕೆಂದು ಯತ್ನಿಸಿದರೂ ಕಾಲು ಮೇಲೇಳದಿದ್ದರೆ ಪ್ರಯತ್ನಕ್ಕೂ ಚೇಷ್ಟೆಗೂ ನಡುವೆ ಬಿರುಕು. ಏಳುವ ಆಸೆಯೇ ಹುಟ್ಟದಿದ್ದರೆ ಅದು ನಿರಾಸಕ್ತಿ; ಅಲ್ಲಿ ಇಚ್ಛೆಯೇ ಇಲ್ಲ. ಆಸೆಯಿದೆ, ಕಾಲೂ ಏಳಬಲ್ಲದು, ಆದರೆ ಏಳುವ ಯತ್ನವೇ ಹೊರಲಾರದ ಭಾರವಾದರೆ ಅದು ದಣಿವು. ಒಬ್ಬರಲ್ಲೇ ಮೂರೂ ಬೆರೆತಿರಬಹುದು. ಆದರೂ ಇವು ಬೇರೆ ಬೇರೆ. ಡಿಬಿಎಸ್ ಬಹುಮಟ್ಟಿಗೆ ಸರಿಪಡಿಸುವುದು ಮೊದಲನೆಯ ಬಿರುಕನ್ನು.

ನ್ಯಾಯ-ವೈಶೇಷಿಕರ ಈ ಕ್ರಮಕ್ಕೂ ಇಲ್ಲೊಂದು ತೊಡಕಿದೆ. ವೈಶೇಷಿಕ ಆಚಾರ್ಯ ಪ್ರಶಸ್ತಪಾದ ಪ್ರಯತ್ನವನ್ನು ಎರಡಾಗಿ ವಿಂಗಡಿಸುತ್ತಾನೆ: ನಿದ್ದೆಯಲ್ಲೂ ಉಸಿರಾಟ ನಡೆಸುವ ಜೀವನಪೂರ್ವಕ ಪ್ರಯತ್ನ, ಇಚ್ಛೆ ಅಥವಾ ದ್ವೇಷದಿಂದ ಹುಟ್ಟುವ ಪ್ರಯತ್ನ. ನಡೆಯುವಾಗ ಕೈ ಬೀಸುವುದು, ಗುಂಡಿ ಹಾಕಿಕೊಳ್ಳುವುದು ಇಂಥ ರೂಢಿಯ ಚಲನೆಗಳು ಎರಡರ ನಡುವೆ ಬರುತ್ತವೆ. ಇವನ್ನು ತಾವಾಗಿ ನಡೆಯುವಂತೆ ಮಾಡುವುದರಲ್ಲಿ ಮಿದುಳಿನ ಆಳದ ಬೇಸಲ್ ಗ್ಯಾಂಗ್ಲಿಯಾಕ್ಕೆ ಮುಖ್ಯ ಪಾತ್ರವಿದೆ. ಡೋಪಮಿನ್ ಕುಸಿದಾಗ ಇವೆಲ್ಲ ಬೇಕೆಂದೇ ಮಾಡಬೇಕಾದ ಕೆಲಸಗಳಾಗುತ್ತವೆ. ಕೊಲಂಬಿಯಾ ವಿಶ್ವವಿದ್ಯಾಲಯದ ಪಿಯೆತ್ರೊ ಮಜ್ಜೋನಿ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನವೂ ಈ ದಿಕ್ಕಿನದೇ. ರೋಗಿಗಳು ವೇಗವಾಗಿ ಚಲಿಸಬಲ್ಲರು, ಆದರೆ ಚಲನೆಗೆ ತೆರಬೇಕಾದ ಶ್ರಮದ ಬೆಲೆ ಅವರ ಮಿದುಳಿನ ಲೆಕ್ಕದಲ್ಲಿ ಏರಿರುತ್ತದೆ ಎಂಬುದು ಅದರ ವಾದ. ಪ್ರಯತ್ನದ ಬೆಲೆಯನ್ನು ಮಿದುಳೇ ಗೊತ್ತುಮಾಡುವುದಾದರೆ, ಪ್ರಯತ್ನ ಕೇವಲ ಆತ್ಮದ ಗುಣ ಎನ್ನುವುದು ಕಷ್ಟ.

ಸಾಂಖ್ಯದರ್ಶನಕ್ಕೆ ಈ ಕಷ್ಟವಿಲ್ಲ. ಅಲ್ಲಿ ಪುರುಷ, ಅಂದರೆ ಆತ್ಮ, ಬರೀ ಸಾಕ್ಷಿ, ಕರ್ತನಲ್ಲ; ಬುದ್ಧಿ, ಅಹಂಕಾರ, ಮನಸ್ಸುಗಳೆಲ್ಲ ಜಡವಾದ ಪ್ರಕೃತಿಯ ವಿಕಾರಗಳು. ಭಾರವಾಗಿರುವುದು ಪ್ರಕೃತಿಯ ತಮೋಗುಣದ ಲಕ್ಷಣವೆಂದು ಸಾಂಖ್ಯಕಾರಿಕೆ ಹೇಳುತ್ತದೆ. ಮನಸ್ಸೂ ಪ್ರಕೃತಿಯದೇ ಆದ್ದರಿಂದ ವಿದ್ಯುತ್ತು ಅದರ ಒಲವನ್ನು ಬದಲಿಸಿದರೆ ಅದರಲ್ಲಿ ಅಚ್ಚರಿಪಡುವಂಥದ್ದಿಲ್ಲ. ಆದರೆ ಎಲ್ಲವನ್ನೂ ತಮಸ್ಸಿಗೆ ಒಪ್ಪಿಸಿದರೆ ಸೋಮಾರಿಗೂ ರೋಗಿಗೂ ವ್ಯತ್ಯಾಸ ಉಳಿಯುವುದಿಲ್ಲ. ಸಾಂಖ್ಯಕ್ಕೆ ಹತ್ತಿರದ ಯೋಗದರ್ಶನ ಈ ವ್ಯತ್ಯಾಸವನ್ನು ಬಿಟ್ಟುಕೊಡುವುದಿಲ್ಲ. ಯೋಗಸೂತ್ರದಲ್ಲಿ ಪತಂಜಲಿ ಹೆಸರಿಸುವ ಒಂಬತ್ತು ಅಂತರಾಯಗಳಲ್ಲಿ, ಅಂದರೆ ಅಡ್ಡಿಗಳಲ್ಲಿ, ವ್ಯಾಧಿ, ಸ್ತ್ಯಾನ, ಆಲಸ್ಯಗಳು ಪ್ರತ್ಯೇಕ. ಅದರ ಮೇಲಿನ ವ್ಯಾಸಭಾಷ್ಯದಂತೆ ಚಿತ್ತ ಕೆಲಸಕ್ಕೆ ಒದಗದಿರುವುದು ಸ್ತ್ಯಾನ; ದೇಹ ಮನಸ್ಸುಗಳ ಭಾರದಿಂದ ತೊಡಗದಿರುವುದು ಆಲಸ್ಯ. ಆದರೂ ಇವೆಲ್ಲಕ್ಕೂ ಅಲ್ಲಿ ಹೇಳಿರುವ ಉಪಾಯ ಒಂದೇ: ಏಕತತ್ತ್ವಾಭ್ಯಾಸ, ಅಂದರೆ ಒಂದೇ ತತ್ತ್ವದಲ್ಲಿ ಚಿತ್ತವನ್ನು ನಿಲ್ಲಿಸುವ ಅಭ್ಯಾಸ. ನಡುಕ ನಿಂತರೂ ದಣಿವು ಉಳಿಯಬಹುದೆಂಬ ಸಂಗತಿ ಅಂಥ ಏಕೈಕ ಉಪಾಯದ ಬಗ್ಗೆ ಸಂಶಯ ಹುಟ್ಟಿಸುತ್ತದೆ.

ಸೋಮಾರಿತನವೆಂದು ದೂರುವವರು ಎಲ್ಲರಿಗೂ ಪ್ರಯತ್ನದ ಬೆಲೆ ಒಂದೇ ಎಂದು ನಂಬಿರುತ್ತಾರೆ. ಪಾರ್ಕಿನ್ಸನ್ ದಣಿವು ಆ ನಂಬಿಕೆಯನ್ನು ಸುಳ್ಳು ಮಾಡುತ್ತದೆ. ಹತ್ತು ಹೆಜ್ಜೆ ನಡೆದವನು ನೂರು ಹೆಜ್ಜೆ ನಡೆದವನಿಗಿಂತ ಹೆಚ್ಚು ಯತ್ನಿಸಿರಬಹುದು. ಹೊಣೆಯನ್ನು ಅಳೆಯಬೇಕಾದದ್ದು ಹೆಜ್ಜೆಗಳಿಂದಲ್ಲ, ಅವಕ್ಕೆ ತೆತ್ತ ಶ್ರಮದಿಂದ. ಹಾಗೆಂದು ರೋಗಿಯ ಕರ್ತೃತ್ವವೇ ಇಲ್ಲವಾಗುವುದಿಲ್ಲ. ಉಳಿದ ಶಕ್ತಿಯನ್ನು ಯಾವುದಕ್ಕೆ ಖರ್ಚು ಮಾಡಬೇಕೆಂಬ ಆಯ್ಕೆ ಅವನದೇ. ಆ ಆಯ್ಕೆಗೆ ಅರ್ಥವಿರಬೇಕಾದರೆ, ಡಿಬಿಎಸ್ ಚಲನೆಯನ್ನು ಸುಧಾರಿಸಬಲ್ಲದು, ದಣಿವಿನ ಬಗ್ಗೆ ಅಂಥ ಭರವಸೆ ಕೊಡಲಾಗದು ಎಂಬುದು ಶಸ್ತ್ರಚಿಕಿತ್ಸೆಗೆ ಒಪ್ಪುವ ಮುನ್ನವೇ ಅವನಿಗೆ ತಿಳಿದಿರಬೇಕು.