ಪ್ರಶ್ನಿಸುವ ಅಧಿಕಾರ

ಬೆಂಗಳೂರಿನ ಹೊಸೂರು ರಸ್ತೆಯ ನಿಮ್ಹಾನ್ಸ್ ಸಂಸ್ಥೆಯಿಂದ ಹೊರಟು ದಕ್ಷಿಣಕ್ಕೂ ಪಶ್ಚಿಮಕ್ಕೂ ಒಂದೆರಡು ಹರದಾರಿಯಷ್ಟು ನಡೆದು ನೋಡಿದರೆ, ಮನೋವ್ಯಾಧಿಯನ್ನೂ ಅಂಗವೈಕಲ್ಯವನ್ನೂ ಕುರಿತ ವಿದ್ಯೆಗೆ ಇಲ್ಲಿ ದೊರೆತಿರುವಷ್ಟು ಆಶ್ರಯ ನಮ್ಮ ನಾಡಿನ ಮತ್ತಾವ ಎಡೆಯಲ್ಲಿಯೂ ದೊರೆತಂತೆ ಕಾಣುವುದಿಲ್ಲ. ಮೈಸೂರು ಸರ್ಕಾರದ ಮಾನಸಿಕ ಆಸ್ಪತ್ರೆಯೂ 1954ರಲ್ಲಿ ಸ್ಥಾಪಿತವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಒಂದಾಗಿ 1974ರಲ್ಲಿ ನಿಮ್ಹಾನ್ಸ್ ರೂಪುಗೊಂಡಿತು. ಅದರ ಕ್ಷೇಮಕೇಂದ್ರವೊಂದು ಇಂದು ಬಿ.ಟಿ.ಎಂ. ಬಡಾವಣೆಯ ಮನೆಗಳ ನಡುವೆಯೇ ಇದೆ. ಆಸ್ಪತ್ರೆಯಿಂದ ಬಿಡುಗಡೆ ಹೊಂದಿಯೂ ಮನೆಗೆ ಹಿಂದಿರುಗುವಷ್ಟು ಚೇತರಿಸಿಕೊಂಡಿರದವರಿಗಾಗಿ ರಿಚ್ಮಂಡ್ ಫೆಲೋಷಿಪ್ ಸೊಸೈಟಿ ಜಯನಗರದಲ್ಲಿ ‘ಆಶಾ’ ಎಂಬ ಹಾಫ್‌ವೇ ಹೋಮನ್ನು ನಡೆಸಿಕೊಂಡು ಬಂದಿದೆ, 1994ರಲ್ಲಿ ಆರಂಭವಾಗಿ ಜೆ.ಪಿ. ನಗರದ ಎರಡನೆಯ ಹಂತದಲ್ಲಿ ನೆಲೆಗೊಂಡಿರುವ ಮೊಬಿಲಿಟಿ ಇಂಡಿಯಾ ಕೃತಕಾಂಗಗಳನ್ನು ಮಾಡುವುದನ್ನೂ ಕಲಿಸುವುದನ್ನೂ ವ್ರತದಂತೆ ಹಿಡಿದಿದೆ. ಇಂಥ ಸಂಸ್ಥೆಗಳಲ್ಲಿ ದಶಕಗಳಿಂದ ನಡೆದ ಕೆಲಸದಿಂದ ಅಸಂಖ್ಯಾತ ಸಂಸಾರಗಳು ಉಳಿದುಕೊಂಡಿವೆ. ಆ ಋಣವನ್ನು ನೆನೆದುಕೊಂಡೇ ಒಂದು ಪ್ರಶ್ನೆಯನ್ನು ಎತ್ತಬೇಕೆಂದಿದ್ದೇನೆ: ಯಾರ ಬಾಳನ್ನು ಕುರಿತು ಈ ವಿದ್ಯೆ ಬೆಳೆಯುತ್ತಿದೆಯೋ, ಅವರಿಗೆ ಇದರ ನಿರ್ಮಾಣದಲ್ಲಿ ಇರತಕ್ಕ ಸ್ಥಾನ ಯಾವುದು?

ಈ ಪ್ರಶ್ನೆಗೆ ಉತ್ತರ ಹೇಳುವವರು ಸಾಮಾನ್ಯವಾಗಿ ಕರುಣೆಯ ಭಾಷೆಯನ್ನು ಆಶ್ರಯಿಸುತ್ತಾರೆ. ನೊಂದವರನ್ನು ಗೌರವದಿಂದ ಕಾಣಬೇಕು, ಅವರ ಮಾತಿಗೂ ಕಿವಿಗೊಡಬೇಕು ಎನ್ನುತ್ತಾರೆ. ಕರುಣೆ ದೊಡ್ಡ ಗುಣವೇ ಸರಿ. ಆದರೆ ಕರುಣೆಯಿಂದ ಕೊಟ್ಟ ಪೀಠವನ್ನು, ಹೊತ್ತು ಸಾಲದೆ ಬಂದಾಗ ಅಥವಾ ಹಣ ಸಾಲದೆ ಬಂದಾಗ, ಹಿಂದಕ್ಕೆ ಎಳೆದುಕೊಳ್ಳಲೂ ಬರುತ್ತದೆ. ನಾನು ಪ್ರತಿಪಾದಿಸಬೇಕೆಂದಿರುವುದು ಇದಕ್ಕಿಂತ ಕಠಿನವಾದ ಮಾತನ್ನು. ಮನೋವ್ಯಾಧಿಯನ್ನೋ ಅಂಗವೈಕಲ್ಯವನ್ನೋ ಸ್ವತಃ ಬಾಳಿ ಬಲ್ಲವರು ಪ್ರಶ್ನೆಯನ್ನು ರೂಪಿಸುವ ಹಂತದಲ್ಲಿಯೇ ಪಾಲುಗೊಳ್ಳದಿದ್ದರೆ, ಸಂಶೋಧನೆ ನಿರ್ದಯವಾಗುವುದು ಹಾಗಿರಲಿ, ಅದು ಅಸತ್ಯವೇ ಆಗಿಬಿಡುವ ಸಂಭವ ಉಂಟು.

ಒಂದು ನಿದರ್ಶನವನ್ನು ಕಲ್ಪಿಸಿಕೊಳ್ಳೋಣ. ಬನಶಂಕರಿ ಎರಡನೆಯ ಹಂತದ ಒಂದು ವಠಾರದಲ್ಲಿ ಅಣ್ಣ ಅತ್ತಿಗೆಯರೊಡನೆ ವಾಸವಾಗಿರುವ, ನಲವತ್ತರ ಆಸುಪಾಸಿನ ಒಬ್ಬ ಹೆಂಗಸು. ಸ್ಕಿಜೋಫ್ರೀನಿಯಾ ಎಂದು ನಿರ್ಣಯವಾಗಿ ಎಷ್ಟೋ ವರ್ಷಗಳು ಸಂದಿವೆ. ರಾತ್ರಿ ಊಟವಾದ ಮೇಲೆ ಒಲಾಂಜಪೈನ್ ಮಾತ್ರೆ. ಕಾವೇರಿ ನೀರು ದಿನ ಬಿಟ್ಟು ದಿನ, ಅದೂ ನಸುಕಿನಲ್ಲಿ ಬರುತ್ತದೆ. ಸಂಪು ತುಂಬಿತೇ ಎಂದು ನೋಡಿ, ಮೋಟಾರ್ ಹಾಕಿ, ಡ್ರಮ್ಮು ಬಿಂದಿಗೆಗಳನ್ನು ಹಿಡಿದುಕೊಳ್ಳಬೇಕಾದ ಆ ಹೊತ್ತಿನಲ್ಲಿ ಅವಳಿಗೆ ಕಣ್ಣು ಬಿಡುವುದಕ್ಕೇ ಆಗುವುದಿಲ್ಲ. ನಾಲಿಗೆ ಒಣಗಿ ಅಂಟಿಕೊಂಡಿರುತ್ತದೆ, ಎದ್ದು ನಿಂತರೆ ಕಾಲು ನಿಲ್ಲುವುದಿಲ್ಲ. ಅತ್ತಿಗೆ ಕೊಡವನ್ನು ನೆಲಕ್ಕೆ ಕುಕ್ಕಿ ಇಡುವ ಸದ್ದು ಮಾತ್ರ ಗೋಡೆಯಾಚೆಯಿಂದ ಕೇಳುತ್ತದೆ, ಆ ಸದ್ದು ಯಾರಿಗಾಗಿ ಎಂಬುದೂ ಅವಳಿಗೆ ಚೆನ್ನಾಗಿ ತಿಳಿಯುತ್ತದೆ. ತಿಂಗಳಿಗೊಮ್ಮೆ ಆಸ್ಪತ್ರೆಯಲ್ಲಿ ಅವಳ ಸರದಿ ಬಂದಾಗ ವೈದ್ಯರು ಸೌಜನ್ಯದಿಂದಲೇ ವಿಚಾರಿಸುತ್ತಾರೆ: “ಕಿವೀಲಿ ಮಾತು ಕೇಳಿಸ್ತಿದೆಯೇನಮ್ಮ?” “ಇಲ್ಲ ಡಾಕ್ಟ್ರೇ.” “ರಾತ್ರಿ ನಿದ್ದೆ?” ಇದಕ್ಕೆ ಅಣ್ಣನೇ ಉತ್ತರ ಕೊಡುತ್ತಾನೆ: “ಚೆನ್ನಾಗಿ ಬರ್ತಿದೆ ಸರ್, ಏನೂ ತೊಂದ್ರೆ ಇಲ್ಲ.” ಕಡತದಲ್ಲಿ ಭ್ರಮೆ ಇಲ್ಲವೆಂದೂ ನಿದ್ರೆ ಸಮರ್ಪಕವೆಂದೂ ದಾಖಲಾಗುತ್ತದೆ. ಇಲ್ಲಿ ಯಾರೂ ಸುಳ್ಳು ಹೇಳಿಲ್ಲ, ಯಾರ ಮನಸ್ಸಿನಲ್ಲಿಯೂ ಕೆಡುಕಿಲ್ಲ. ಆದರೂ ಅವಳ ಬಾಳಿನ ಅತ್ಯಂತ ದುಸ್ಸಹವಾದ ಸಂಗತಿ, ಅಂದರೆ ಬೆಳಗಿನ ಆ ಹೊತ್ತು, ಯಾವ ಪ್ರಶ್ನೆಯ ವ್ಯಾಪ್ತಿಗೂ ಸೇರದೆ ಹೊರಗೇ ಉಳಿದುಹೋಯಿತು. ನಾಳೆ ಈ ಕಡತ ನೂರಾರು ಕಡತಗಳೊಡನೆ ಸೇರಿ ಒಂದು ಪ್ರಬಂಧವಾದರೆ, ಆ ಪ್ರಬಂಧದಲ್ಲಿ ಅವಳು ಗುಣಮುಖಳಾದವರ ಪಂಕ್ತಿಯಲ್ಲಿರುತ್ತಾಳೆ.

ಸ್ಕಿಜೋಫ್ರೀನಿಯಾದ ಲಕ್ಷಣಗಳನ್ನು ಅಳೆಯುವುದಕ್ಕೆ ಜಗತ್ತಿನಲ್ಲೆಲ್ಲ ಬಳಕೆಯಲ್ಲಿರುವ ‘ಪ್ಯಾನ್ಸ್’ ಎಂಬ ಮಾಪಕ 1987ರಲ್ಲಿ ಪ್ರಕಟವಾಯಿತು. ಅದರಲ್ಲಿ 30 ಅಂಶಗಳಿವೆ. ಔಷಧದ ಅಡ್ಡಪರಿಣಾಮಗಳಿಗೆ ಬೇರೆ ಮಾಪಕಗಳಿವೆಯೆಂಬುದು ನಿಜವಾದರೂ, ಒಂದು ಔಷಧ ಗೆದ್ದಿತೋ ಸೋತಿತೋ ಎಂಬುದನ್ನು ಬಹುಮಟ್ಟಿಗೆ ನಿರ್ಣಯಿಸುವುದು ಲಕ್ಷಣಗಳ ಅಳತೆಯೇ. ನಮ್ಮ ದೇಶದಲ್ಲಿ ಮಾನಸಿಕ ವೈಕಲ್ಯದ ಪ್ರಮಾಣಪತ್ರಕ್ಕೆ ಆಧಾರವಾಗಿರುವ ‘ಐಡಿಯಾಸ್’ ಮಾಪಕವನ್ನು ಭಾರತೀಯ ಮನೋವೈದ್ಯರ ಸಂಘದ ಸಮಿತಿಯೊಂದು ರೂಪಿಸಿತು. ಸ್ವಂತ ಆರೈಕೆ, ಜನರೊಡನೆ ಒಡನಾಟ, ಸಂವಹನ ಮತ್ತು ಗ್ರಹಿಕೆ, ಕೆಲಸ ಎಂಬ ನಾಲ್ಕು ಬಾಬುಗಳಿಗೆ ಸೊನ್ನೆಯಿಂದ ನಾಲ್ಕರವರೆಗೆ ಅಂಕ. ವ್ಯಾಧಿಯ ಅವಧಿಗೆ ಮತ್ತಷ್ಟು. ಒಟ್ಟು 20ರಲ್ಲಿ 7 ಬಂದರೆ ಶೇಕಡ 40ರ ವೈಕಲ್ಯವೆಂದು ಲೆಕ್ಕ, ಸವಲತ್ತುಗಳ ಬಾಗಿಲು ತೆರೆಯುವುದು ಅಲ್ಲಿಂದ. ಇದು ಶ್ರದ್ಧೆಯಿಂದ ಮಾಡಿದ ಕೆಲಸ. ಆದರೆ ಸ್ನಾನವನ್ನು ತಾನೇ ಮಾಡಿಕೊಳ್ಳುತ್ತಾಳೆಯೆ ಎಂದು ಕೇಳಿದರೆ ಮಾಡಿಕೊಳ್ಳುತ್ತಾಳೆ ಎಂಬುದೇ ಉತ್ತರ. ಆ ಒಂದು ತಂಬಿಗೆ ನೀರನ್ನು ತಲೆಯ ಮೇಲೆ ಸುರಿದುಕೊಳ್ಳುವುದಕ್ಕೆ ಎಷ್ಟು ಹೊತ್ತು ತನ್ನೊಡನೆ ತಾನು ಹೋರಾಡಬೇಕಾಯಿತು ಎಂಬುದು ಅಂಕದಲ್ಲಿ ಕಾಣುವುದಿಲ್ಲ. ಏನನ್ನು ಅಳೆಯಬೇಕು, ಯಾವುದನ್ನು ಸುಧಾರಣೆಯೆಂದು ಕರೆಯಬೇಕು ಎಂಬುದನ್ನು ಯಾವ ಪ್ರಯೋಗಶಾಲೆಯೂ ಕಂಡುಹಿಡಿದು ಹೇಳಲಾರದು. ಅದು ಮೌಲ್ಯದ ಆಯ್ಕೆ. ಆ ಆಯ್ಕೆಯನ್ನು ಯಾರೋ ಒಬ್ಬರು ಈಗಾಗಲೇ ಮಾಡಿರುತ್ತಾರೆ, ಮಾಡಿದೆವೆಂಬ ಅರಿವೂ ಅವರಿಗೆ ಇರುವುದಿಲ್ಲ.

ಅಂಗವೈಕಲ್ಯದ ಕ್ಷೇತ್ರದಲ್ಲಿ ಈ ಸತ್ಯ ಹೆಚ್ಚು ಸುಲಭವಾಗಿ ಗೋಚರಿಸುತ್ತದೆ. 1968ರ ಸುಮಾರಿಗೆ ಜಯಪುರದಲ್ಲಿ ಡಾ. ಪಿ.ಕೆ. ಸೇಠಿಯವರೂ ಕುಶಲಕರ್ಮಿ ರಾಮಚಂದ್ರ ಶರ್ಮರೂ ಸೇರಿ ‘ಜೈಪುರ ಪಾದ’ವನ್ನು ನಿರ್ಮಿಸುವುದಕ್ಕೆ ಮೊದಲು ನಮ್ಮಲ್ಲಿ ದೊರೆಯುತ್ತಿದ್ದ ಪಾಶ್ಚಾತ್ಯ ಮಾದರಿಯ ಕೃತಕ ಪಾದ ಬೂಟಿನೊಳಗೆ ಇರುವುದಕ್ಕಾಗಿ ಯೋಜಿತವಾದದ್ದು. ಅದನ್ನು ತೊಟ್ಟು ಕುಕ್ಕರುಗಾಲಿನಲ್ಲಿ ಕೂರುವಂತಿರಲಿಲ್ಲ, ಊಟದ ಪಂಕ್ತಿಯಲ್ಲಿ ಚಕ್ಕಳಮಕ್ಕಳ ಹಾಕುವಂತಿರಲಿಲ್ಲ, ಕೆಸರುಗದ್ದೆಗೆ ಇಳಿಯುವಂತಿರಲಿಲ್ಲ. ಆದುದರಿಂದ ಜನ ಅದನ್ನು ಮೂಲೆಗಿಟ್ಟು ಊರುಗೋಲನ್ನೇ ಹಿಡಿಯುತ್ತಿದ್ದರು. ಯಂತ್ರಶಾಸ್ತ್ರದ ದೃಷ್ಟಿಯಿಂದ ಆ ಹಳೆಯ ಪಾದದಲ್ಲಿ ಲೋಪವಿರಲಿಲ್ಲ. ನಡೆಯುವುದು ಎಂದರೇನು ಎಂಬ ಪ್ರಶ್ನೆಯನ್ನು ಮಾತ್ರ ಬೇರೊಂದು ದೇಶದ, ಕುರ್ಚಿಯ ಮೇಲೆ ಕೂರುವ ಜನ ತಮ್ಮ ಮಟ್ಟಿಗೆ ತೀರ್ಮಾನಿಸಿದ್ದರು.

ಬಲ್ಲವನ ಮಾತು ಎಂದರೆ ಯಾವುದು ಎಂಬ ವಿಚಾರದಲ್ಲಿ ನಮ್ಮ ನ್ಯಾಯದರ್ಶನ ತೋರಿರುವ ಔದಾರ್ಯವನ್ನು ನೆನೆದರೆ ನನಗೆ ಇಂದಿಗೂ ಆಶ್ಚರ್ಯವಾಗುತ್ತದೆ. ಪ್ರತ್ಯಕ್ಷ ಅನುಮಾನಗಳೊಡನೆ ಶಬ್ದವನ್ನೂ ಪ್ರಮಾಣವೆಂದು ಒಪ್ಪಿದ ಆ ದರ್ಶನ, ಎಲ್ಲರ ಶಬ್ದವನ್ನೂ ಒಪ್ಪಲಿಲ್ಲ; ಆಪ್ತನ ಮಾತನ್ನು ಮಾತ್ರ ಒಪ್ಪಿತು. ಆಪ್ತನು ಯಾರು ಎಂಬುದಕ್ಕೆ ಭಾಷ್ಯಕಾರ ವಾತ್ಸ್ಯಾಯನನು ಕೊಡುವ ಲಕ್ಷಣ ಎರಡೇ: ವಿಷಯವನ್ನು ತಾನೇ ಸಾಕ್ಷಾತ್ಕರಿಸಿಕೊಂಡಿರಬೇಕು, ಕಂಡದ್ದನ್ನು ಕಂಡಂತೆ ಇನ್ನೊಬ್ಬರಿಗೆ ತಿಳಿಸುವ ಇಚ್ಛೆಯಿರಬೇಕು. ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವಾಗಿ ಅನ್ವಯಿಸುತ್ತದೆಂದು ಅವನು ಸ್ಪಷ್ಟವಾಗಿ ಹೇಳುತ್ತಾನೆ; ಪದವಿಯ, ಪಾಂಡಿತ್ಯದ, ಕುಲದ ಪ್ರಸ್ತಾಪವೇ ಅಲ್ಲಿಲ್ಲ. ಮಿದುಳಿನಲ್ಲಿ ಡೋಪಮೀನ್ ಹೇಗೆ ವರ್ತಿಸುತ್ತದೆಂಬ ವಿಷಯದಲ್ಲಿ ನಾನು ಕಲ್ಪಿಸಿದ ಆ ಹೆಂಗಸು ಆಪ್ತಳಲ್ಲ, ಆಪ್ತಳಾಗಬೇಕೆಂದು ಅವಳು ಕೇಳುತ್ತಲೂ ಇಲ್ಲ. ಆದರೆ ಆ ಮಾತ್ರೆಯೊಡನೆ ಬಾಳುವುದು ಹೇಗಿದೆ, ಅದರ ಬೆಲೆಯೇನು, ಯಾವ ಸುಧಾರಣೆಗಾಗಿ ಯಾವ ನಷ್ಟವನ್ನು ಸಹಿಸಬಹುದು ಎಂಬ ವಿಷಯದಲ್ಲಿ ಆಪ್ತಳಾದವಳು ಅವಳೊಬ್ಬಳೇ. ಉಳಿದ ನಾವೆಲ್ಲರೂ ಹೊರಗೆ ನಿಂತು ಅನುಮಾನ ಮಾಡುವವರು.

ಮನಸ್ಸಿಗೇ ವ್ಯಾಧಿ ತಗುಲಿರುವವರ ಮಾತು ಪ್ರಮಾಣವಾಗುವುದು ಹೇಗೆ ಎಂಬ ಆಕ್ಷೇಪ ಇಲ್ಲಿ ಬಂದೇ ಬರುತ್ತದೆ, ಮತ್ತು ಅದು ತಳ್ಳಿಹಾಕತಕ್ಕ ಆಕ್ಷೇಪವಲ್ಲ. ಉನ್ಮಾದದ ಉಚ್ಛ್ರಾಯದಲ್ಲಿರುವವನು ತನ್ನ ಸ್ಥಿತಿಯನ್ನು ಕುರಿತು ಆಡುವ ಮಾತನ್ನು ಯಥಾವತ್ತಾಗಿ ಸ್ವೀಕರಿಸಲಾಗದು. ಆದರೆ ವ್ಯಾಧಿ ಬಂದು ಹೋಗುವಂಥದು. ಬಹುಮಂದಿಯಲ್ಲಿ ತಿಳಿಯಾದ ಕಾಲವೇ ದೀರ್ಘವಾದದ್ದು. ಅಲ್ಲದೆ, ಸ್ವಸ್ಥರ ವಿಚಾರಣೆಯೂ ನಿರ್ದುಷ್ಟವಲ್ಲ. ಜನ ‘ಕರೆಂಟ್ ಕೊಡುವುದು’ ಎಂದು ಹೇಳುವ ವಿದ್ಯುತ್ ಚಿಕಿತ್ಸೆಯ ವಿಷಯದಲ್ಲಿ ಇದಕ್ಕೆ ಪ್ರಬಲವಾದ ಸಾಕ್ಷ್ಯವೊಂದಿದೆ. ಆ ಚಿಕಿತ್ಸೆಯನ್ನು ಸ್ವತಃ ಪಡೆದಿದ್ದ ಸಂಶೋಧಕಿ ಡಯಾನಾ ರೋಸ್, ಲಂಡನ್ನಿನ ಮನೋವೈದ್ಯಕೀಯ ಸಂಸ್ಥೆಯ ಸಹೋದ್ಯೋಗಿಗಳೊಡನೆ, ರೋಗಿಗಳ ಅಭಿಪ್ರಾಯವನ್ನು ಕುರಿತ ವರದಿಗಳನ್ನೆಲ್ಲ ಕಲೆಹಾಕಿ 2003ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಒಂದು ವಿಮರ್ಶೆಯನ್ನು ಪ್ರಕಟಿಸಿದರು. ವೈದ್ಯರು ನಡೆಸಿದ ಅಧ್ಯಯನಗಳು 26, ರೋಗಿಗಳೇ ನಡೆಸಿದವು ಅಥವಾ ರೋಗಿಗಳ ಸಹಯೋಗದಿಂದ ನಡೆದವು 9. ಚಿಕಿತ್ಸೆ ಉಪಕರಿಸಿತು ಎನ್ನುವವರ ಪ್ರಮಾಣ ಮೊದಲನೆಯ ಗುಂಪಿನಲ್ಲಿ ಹೆಚ್ಚು, ಎರಡನೆಯದರಲ್ಲಿ ಕಡಿಮೆ. ಇದಕ್ಕೆ ಕಾರಣವನ್ನು ಅವರು ಅಧ್ಯಯನದ ರೀತಿಯಲ್ಲಿಯೇ ಕಂಡರು: ಚಿಕಿತ್ಸೆ ಮುಗಿದ ಹೊಸತರಲ್ಲಿಯೇ, ಆಸ್ಪತ್ರೆಯಲ್ಲಿಯೇ, ಚಿಕಿತ್ಸೆ ಕೊಟ್ಟ ವೈದ್ಯರೇ ನಾಲ್ಕಾರು ಪ್ರಶ್ನೆ ಕೇಳಿದರೆ ಸಂತೃಪ್ತಿಯ ಉತ್ತರ ಹೆಚ್ಚಾಗಿ ಬರುತ್ತದೆ. ನೆನಪು ಶಾಶ್ವತವಾಗಿ ಅಳಿಸಿಹೋಯಿತೆಂದು ಹೇಳಿದವರು ಕಡಮೆಯೆಂದರೂ ಮೂರರಲ್ಲಿ ಒಂದು ಪಾಲು ಇದ್ದರು. ಆ ಚಿಕಿತ್ಸೆ ನಿಷ್ಪ್ರಯೋಜಕವೆಂದು ಇದರಿಂದ ಸಿದ್ಧವಾಗುವುದಿಲ್ಲ. ಅದು ಪ್ರಾಣವನ್ನೇ ಉಳಿಸಿದ ಸಂದರ್ಭಗಳುಂಟು. ಕೇಳುವವರು ಬದಲಾದರೆ ಕೇಳುವ ಕಾಲವೂ ಪ್ರಶ್ನೆಯೂ ಬದಲಾಗುತ್ತವೆ, ಆಗ ಬರುವ ಸತ್ಯವೂ ಹೆಚ್ಚು ಪೂರ್ಣವಾಗುತ್ತದೆ ಎಂಬಷ್ಟು ಸಿದ್ಧವಾಗುತ್ತದೆ.

ನಮ್ಮ ಶಾಸನಗಳು ಈ ದಿಕ್ಕಿನಲ್ಲಿ ಅರ್ಧದಾರಿ ಬಂದಿವೆ. ಅಂಗವಿಕಲರ ಹಕ್ಕುಗಳ ಕುರಿತ 2016ರ ಅಧಿನಿಯಮದ ಆರನೆಯ ಪ್ರಕರಣದ ಪ್ರಕಾರ, ಅಂಗವಿಕಲರನ್ನು ಸಂಶೋಧನೆಗೆ ಒಳಪಡಿಸಬೇಕಾದರೆ ಅವರು ತಿಳಿದು ಕೊಟ್ಟ ಸ್ವತಂತ್ರ ಸಮ್ಮತಿಯ ಜೊತೆಗೆ ಒಂದು ಸಮಿತಿಯ ಪೂರ್ವಾನುಮತಿಯೂ ಬೇಕು; ಆ ಸಮಿತಿಯಲ್ಲಿ ಅರ್ಧಕ್ಕೆ ಕಡಮೆಯಿಲ್ಲದಷ್ಟು ಸದಸ್ಯರು ಸ್ವತಃ ಅಂಗವಿಕಲರೋ ಅವರ ನೋಂದಾಯಿತ ಸಂಘಗಳ ಸದಸ್ಯರೋ ಆಗಿರಬೇಕು. 2017ರ ಮಾನಸಿಕ ಆರೋಗ್ಯ ಅಧಿನಿಯಮವೂ ಸಂದರ್ಶನದಂಥ ಸೌಮ್ಯವಾದ ಸಂಶೋಧನೆಗೆ ಸಹ ಸಮ್ಮತಿಯನ್ನು ಕಡ್ಡಾಯ ಮಾಡಿದೆ. ನಾಜಿ ವೈದ್ಯರ ಕ್ರೌರ್ಯದ ತರುವಾಯ 1947ರಲ್ಲಿ ನ್ಯೂರೆಂಬರ್ಗ್ ಸಂಹಿತೆ ಹುಟ್ಟಿದಂದಿನಿಂದ ಮನುಷ್ಯಕುಲ ಕಷ್ಟಪಟ್ಟು ಕಲಿತ ಪಾಠವಿದು, ಇದನ್ನು ಹಗುರವಾಗಿ ಕಾಣಲಾಗದು. ಆದರೆ ಸಮ್ಮತಿಯೆಂಬುದು, ಇನ್ನೊಬ್ಬರು ಬರೆದು ತಂದ ಕಾಗದಕ್ಕೆ ಹೂಂ ಎನ್ನುವ ಅಥವಾ ಉಹೂಂ ಎನ್ನುವ ಅಧಿಕಾರ. ಕಾಗದದಲ್ಲಿ ಏನಿರಬೇಕೆಂದು ಹೇಳುವ ಅಧಿಕಾರವಲ್ಲ.

ನಮ್ಮ ನಾಡಿನಲ್ಲಿ ಇನ್ನೊಂದು ತೊಡಕಿದೆ, ಅದನ್ನು ಹೇಳುವುದಕ್ಕೆ ನನಗೆ ಸಂಕೋಚವೂ ಉಂಟು. ಇಲ್ಲಿ ರೋಗಿಯೊಡನೆ ಮನೆಯವರೂ ಆಸ್ಪತ್ರೆಯಲ್ಲಿ ತಂಗುತ್ತಾರೆ, ಮಾತ್ರೆ ಕೊಡುತ್ತಾರೆ, ರಾತ್ರಿಯೆಲ್ಲ ಎದ್ದಿರುತ್ತಾರೆ. ಪಾಶ್ಚಾತ್ಯ ದೇಶಗಳಲ್ಲಿ ಬೀದಿಪಾಲಾಗುವ ಎಷ್ಟೋ ಜನ ಇಲ್ಲಿ ಒಂದು ತಾಯಿಯ ಛಲದಿಂದ ಬದುಕಿಕೊಂಡಿದ್ದಾರೆ. ಬೆಂಗಳೂರಿನಲ್ಲಿಯೇ ಇಂಥ ಕುಟುಂಬದವರು ‘ಅಮೆಂಡ್’ ಎಂಬ ಸಂಘವನ್ನು ಕಟ್ಟಿಕೊಂಡು ಬಹುಕಾಲ ಹೋರಾಡಿದ್ದಾರೆ. ಅವರ ಅನುಭವವೂ ಪ್ರಮಾಣವೇ. ಆದರೆ ಅದು ಅವರ ಅನುಭವ, ಮಗಳ ಅನುಭವವಲ್ಲ. ಮೇಲೆ ಹೇಳಿದ ನಿದರ್ಶನದಲ್ಲಿ ನಿದ್ರೆಯ ಪ್ರಶ್ನೆಗೆ ಉತ್ತರಿಸಿದ ಅಣ್ಣನಿಗೆ ತಂಗಿ ಮಲಗಿದ್ದು ಕಂಡಿತ್ತು, ಏಳಲಾರದೆ ಬಿದ್ದಿದ್ದು ಸೋಮಾರಿತನವಾಗಿ ಕಂಡಿತ್ತು. 2017ರ ಅಧಿನಿಯಮ ಮಾನಸಿಕ ಆರೋಗ್ಯ ಪುನರವಲೋಕನ ಮಂಡಳಿಗಳಲ್ಲಿ ಎರಡು ಸ್ಥಾನಗಳನ್ನು ಮನೋವ್ಯಾಧಿಯುಳ್ಳವರಿಗೆ, ಆರೈಕೆ ಮಾಡುವವರಿಗೆ, ಇವರ ಸಂಘಗಳ ಪ್ರತಿನಿಧಿಗಳಿಗೆ, ಸ್ವಯಂಸೇವಾ ಸಂಸ್ಥೆಗಳಿಗೆ ಎಲ್ಲರಿಗೂ ಸೇರಿಸಿ ಇಟ್ಟಿರುವುದರಿಂದ, ವ್ಯಾಧಿಯನ್ನು ಬಾಳಿದ ಒಬ್ಬರೂ ಇಲ್ಲದೆಯೇ ಆ ಎರಡು ಸ್ಥಾನಗಳು ಭರ್ತಿಯಾಗುವುದಕ್ಕೆ ಅವಕಾಶವುಂಟು. ಇದು ತಿದ್ದತಕ್ಕ ದೋಷವೆಂದು ನನಗೆ ತೋರುತ್ತದೆ. ಸಂಶೋಧನೆಯ ಸಮಿತಿಗಳಾದರೂ ಇದನ್ನು ಅನುಕರಿಸಬಾರದು.

ಇನ್ನು, ಜಯನಗರದ ವಿದ್ಯಾವಂತರೊಬ್ಬರನ್ನು, ಇಂಗ್ಲಿಷಿನಲ್ಲಿ ತಮ್ಮ ವೃತ್ತಾಂತವನ್ನು ಚೆನ್ನಾಗಿ ಹೇಳಬಲ್ಲವರನ್ನು, ಸಭೆಗೆ ಕರೆದು ಕೂರಿಸಿಬಿಟ್ಟರೆ ತುರುವೇಕೆರೆಯಿಂದ ಮೊದಲ ಬಸ್ಸಿಗೆ ಬರುವವಳ ಪ್ರಾತಿನಿಧ್ಯ ಆದಂತಾಯಿತೆ ಎಂದು ಕೇಳುವವರಿದ್ದಾರೆ. ಆಗಲಿಲ್ಲ, ಒಪ್ಪಬೇಕಾದ ಮಾತೇ. ಆದರೆ ಆ ನ್ಯೂನತೆಗೆ ಪರಿಹಾರ ಇನ್ನಷ್ಟು ಜನರನ್ನು ಕರೆಯುವುದೇ ಹೊರತು ಇದ್ದೊಬ್ಬರನ್ನೂ ಕಳುಹಿಸಿಬಿಡುವುದಲ್ಲ. ವೈದ್ಯರಾಗಿ ಕುಳಿತವರು ಎಲ್ಲ ವೈದ್ಯರಿಗೂ ಪ್ರತಿನಿಧಿಯೆ ಎಂದು ಯಾರೂ ಕೇಳುವುದಿಲ್ಲವಷ್ಟೆ. ಕರೆದವರಿಗೆ ಒಂದು ದಿನದ ಕೂಲಿ ಹೋಗುತ್ತದೆ, ಅದನ್ನು ಗೌರವಧನವೆಂದು ಹೇಳದೆ ಸಂಬಳವೆಂದೇ ಕೊಡಬೇಕು. ಕಲಾಪವೆಲ್ಲ ಕನ್ನಡದಲ್ಲಿ ನಡೆಯಬೇಕು. ಮಾತ್ರೆಯ ಮಂಪರು ಇಳಿಯುವ ಮುನ್ನ, ಬೆಳಗ್ಗೆ ಒಂಬತ್ತು ಗಂಟೆಗೆ ಸಭೆಯನ್ನು ಇಡಬಾರದು. ಬಂದವರಿಂದ ಮೊದಲ ಹತ್ತು ನಿಮಿಷ ಕಣ್ಣೀರಿನ ಕಥೆ ಹೇಳಿಸಿ, ಚಹ ಕೊಟ್ಟು, ಅನಂತರ ಕೋಷ್ಟಕಗಳ ಚರ್ಚೆಗೆ ತೊಡಗುವುದು ನನಗೆ ಅಸಹ್ಯವಾಗಿ ಕಾಣುತ್ತದೆ. ಅವರಿಗೆ ಕೋಷ್ಟಕವನ್ನೇ ಓದಿ ಹೇಳಬೇಕು, ಅದರಲ್ಲಿ ಯಾವ ಅಂಕಣ ಇಲ್ಲವೆಂಬುದನ್ನು ಅವರಿಂದ ಕೇಳಬೇಕು. ಅವರ ಮಾತು ಸಂಶೋಧಕರ ಮಾತಿಗೆ ವಿರುದ್ಧವಾದಾಗಲೆಲ್ಲ ಅವರದೇ ಗೆಲ್ಲಬೇಕೆಂದು ನಾನು ಹೇಳಲಾರೆ, ಅನುಭವವೂ ತಪ್ಪಬಲ್ಲುದು. ಆದರೆ ಹಾಗೆ ಸೋತ ಅಭಿಪ್ರಾಯವನ್ನು ಅಳಿಸಿಹಾಕದೆ, ಉಚ್ಚ ನ್ಯಾಯಾಲಯದ ಪೀಠದಲ್ಲಿ ಭಿನ್ನಮತದ ನ್ಯಾಯಾಧೀಶರ ತೀರ್ಪನ್ನು ಬಹುಮತದ ತೀರ್ಪಿನೊಡನೆ ಪ್ರಕಟಿಸುವ ಹಾಗೆ, ಅದೇ ವರದಿಯಲ್ಲಿ, ಅದೇ ಗಾತ್ರದ ಅಕ್ಷರದಲ್ಲಿ, ಅವರು ಒಪ್ಪಿದರೆ ಅವರ ಹೆಸರಿನೊಂದಿಗೆ ಅಚ್ಚುಹಾಕಬೇಕು. ಹತ್ತು ವರ್ಷಗಳ ಮೇಲೆ ಆ ವರದಿಯನ್ನು ಓದುವ ಹೊಸ ಸಂಶೋಧಕನು ಎರಡನ್ನೂ ನೋಡಿ ತನ್ನ ಪ್ರಶ್ನೆಯನ್ನು ಆರಿಸಿಕೊಳ್ಳಲಿ.