ಗೋಡೆಯ ಹೊರಮೈ

ಗೋಡೆಗೂ ಕಿವಿಯುಂಟು ಎಂದು ನಮ್ಮ ಹಿರಿಯರು ಎಚ್ಚರಿಸಿದ್ದಾರೆ. ಗೋಡೆಗೆ ಬಾಯಿಯೂ ಉಂಟೆಂಬುದು ಅವರಿಗೆ ತಿಳಿಯದ ಸಂಗತಿಯೇನಲ್ಲ. ಆದರೆ ಆ ಬಾಯಿ ಹೇಳುವುದನ್ನು ಕೇಳುವುದಕ್ಕಾಗಿ ಜನ ಹಣ ಕೊಟ್ಟು, ಗುಂಪು ಕಟ್ಟಿಕೊಂಡು, ಗಲ್ಲಿಗಲ್ಲಿ ಅಲೆಯುವ ಕಾಲವೊಂದು ಬಂದೀತೆಂದು ಅವರು ಎಣಿಸಿರಲಾರರು. ಈಚೆಗೆ ಒಂದು ಭಾನುವಾರ ಬೆಳಿಗ್ಗೆ ನಾನೂ ಹಾಗೆ ಅಲೆದೆ. ಕಾಲೇಜಿನಲ್ಲಿ ಓದುತ್ತಿರುವ ಮೊಮ್ಮಗ, “ತಾತ, ಒಂದು ಸಲ ಬಂದು ನೋಡಿ, ಆಮೇಲೆ ಬೇಕಾದರೆ ಬೈಯಿರಿ” ಎಂದು ಕರೆದುಕೊಂಡು ಹೋದ. ಬೆಂಗಳೂರಿನ ಹಳೆಯ ಬಡಾವಣೆಯೊಂದರ ಹಿಂಬೀದಿಗಳಲ್ಲಿ ಗೋಡೆಗೆ ಬರೆದ ಚಿತ್ರಗಳನ್ನೂ ಗೀಚುಬರಹಗಳನ್ನೂ ತೋರಿಸುವ ಕಾಲ್ನಡಿಗೆಯ ಪ್ರವಾಸ ಅದು. ನಾವು ಹದಿನಾಲ್ಕು ಜನ. ನಮಗೆ ಮುಂದಾಳಾಗಿ ಒಬ್ಬ ತರುಣಿ.

ಬೈಯುವ ಸಿದ್ಧತೆಯಿಂದಲೇ ಹೋದವನು ನಾನು. ಆದರೆ ಆ ಹುಡುಗಿ ಚೆನ್ನಾಗಿ ಹೇಳಿದಳೆಂಬುದನ್ನು ಒಪ್ಪಿಕೊಳ್ಳಬೇಕು. ಕುಂಚದ ಗೆರೆಗೂ ಡಬ್ಬಿಯಿಂದ ಚಿಮ್ಮಿಸಿದ ಬಣ್ಣದ ಗೆರೆಗೂ ಇರುವ ವ್ಯತ್ಯಾಸ, ರಟ್ಟಿನಲ್ಲಿ ಆಕೃತಿ ಕತ್ತರಿಸಿ ಅದರ ಮೇಲೆ ಬಣ್ಣ ಹಾಯಿಸುವ ಕ್ರಮ, ಒಬ್ಬನ ಚಿತ್ರದ ಮೇಲೆ ಇನ್ನೊಬ್ಬ ಬರೆದರೆ ಅದರಲ್ಲಿ ಅಡಗಿರುವ ಜಗಳ, ಇವನ್ನೆಲ್ಲ ಬಿಡಿಸಿ ತೋರಿಸಿದಳು. 2009ರ ಸುಮಾರಿನಲ್ಲಿ ಅಂದಿನ ಬೆಂಗಳೂರು ಮಹಾನಗರ ಪಾಲಿಕೆಯೇ ಸಿನಿಮಾ ಬ್ಯಾನರ್ ಬರೆಯುತ್ತಿದ್ದ ಕಲಾವಿದರನ್ನು ಕರೆಸಿ ರಸ್ತೆಬದಿಯ ಗೋಡೆಗಳಿಗೆ ಹಂಪಿಯನ್ನೂ ಹುಲಿಯನ್ನೂ ಜಲಪಾತಗಳನ್ನೂ ಬರೆಸಿದ ಕಥೆ ಹೇಳಿದಳು. ಫ್ಲೆಕ್ಸ್ ಬಂದಮೇಲೆ ಕೆಲಸ ಕಳೆದುಕೊಂಡಿದ್ದ ಕೈಗಳು ಅವು. ಆ ಚಿತ್ರಗಳ ಮುಂದೆ ನಾನು ಎಷ್ಟು ಸಲ ಬಸ್ಸಿಗಾಗಿ ಕಾದಿದ್ದೇನೋ! ಒಮ್ಮೆಯಾದರೂ ಬರೆದವನನ್ನು ನೆನೆದದ್ದಿಲ್ಲ. ಕಣ್ಣಿದ್ದೂ ಕಾಣದ್ದನ್ನು ಕಾಣಿಸಿಕೊಟ್ಟವರಿಗೆ ನಾಲ್ಕು ಕಾಸು ಕೊಡುವುದು ತಪ್ಪಲ್ಲವೆಂದುಕೊಂಡೆ.

ಅಷ್ಟರಲ್ಲಿ ಒಂದು ಘಟನೆ ನಡೆಯಿತು. ಒಂದು ಮನೆಯ ಪಕ್ಕದ ಗೋಡೆಯಲ್ಲಿ, ಎರಡಾಳೆತ್ತರಕ್ಕೆ, ಹೂ ಮಾರುವ ಹೆಂಗಸಿನ ಮುಖ. “ಪೂರ್ತಿ ಕಾಣಬೇಕಾದರೆ ಹಿಂದಕ್ಕೆ ಸರಿಯಿರಿ” ಎಂದಳು ಹುಡುಗಿ. ಹದಿನಾಲ್ಕು ಜನವೂ ತಲೆಯೆತ್ತಿಕೊಂಡು ಹಿಂದಕ್ಕೆ ಸರಿದೆವು. ಎದುರುಮನೆಯ ಬಾಗಿಲು ತೆರೆದು ಹೆಂಗಸೊಬ್ಬರು ಹೊರಬಂದಾಗಲೇ ನಾವು ನೆಲ ನೋಡಿದ್ದು. ಬೆಳಿಗ್ಗೆ ಅವರು ಹಾಕಿದ್ದ ರಂಗೋಲಿಯ ಮೇಲೆ ನಿಂತಿದ್ದೆವು. ನನ್ನ ಎಡಗಾಲಿನ ಚಪ್ಪಲಿ ಒಂದು ಕಮಲದ ನಟ್ಟನಡುವೆ ಇತ್ತು.

ನಾನು ಕ್ಷಮೆ ಕೇಳಿದೆ. ಆಕೆ ಸಿಟ್ಟಾಗಲಿಲ್ಲ. “ಇರಲಿ ಬಿಡಿ, ಸಂಜೆ ಹೊತ್ತಿಗೆ ಹೇಗೂ ಅಳಿಸಿಹೋಗೋದೇ. ಗೋಡೆ ನೋಡೋಕೆ ಬರ್ತೀರಿ, ಸ್ವಲ್ಪ ನೆಲಾನೂ ನೋಡ್ಕೊಳ್ಳಿ ಅಷ್ಟೆ” ಎಂದರು. ಆಮೇಲೆ, ಎದುರಿನ ಆ ಮನೆಯೂ ತಮ್ಮ ಮೈದುನನದೇ ಎಂದು ಹೇಳಿ, “ಚಿತ್ರ ಬರೆಯೋವಾಗ ನಮ್ಮನ್ನ ಕೇಳಿದ್ರು, ಹೂಂ ಅಂದ್ವಿ. ನೀವೆಲ್ಲ ಹೀಗೆ ವಾರವಾರ ಬರ್ತೀರಿ ಅಂತ ಮಾತ್ರ ಯಾರೂ ಹೇಳಿರಲಿಲ್ಲ” ಎಂದರು.

ಆ ಮಾತು ನನ್ನೊಡನೆ ಮನೆಗೆ ಬಂತು. ಗೋಡೆ ಯಾರದು? ಕಟ್ಟಿದವನದು ಎಂದು ಕಾನೂನು ಹೇಳುತ್ತದೆ. ನಮ್ಮಲ್ಲಿ ತೆರೆದ ಸ್ಥಳಗಳ ವಿರೂಪವನ್ನು ತಡೆಯುವುದಕ್ಕೆಂದೇ 1981ರ ಶಾಸನವೊಂದಿದೆ. ಅಪ್ಪಣೆಯಿಲ್ಲದೆ ಗೋಡೆಗೆ ಬರೆಯುವುದು ಅಪರಾಧ. ಇದು ನ್ಯಾಯವೇ. ಆದರೆ ಗೋಡೆಗೆ ಎರಡು ಮೈ. ಒಳಮೈಗೆ ದೇವರ ಪಟವನ್ನೋ ಗಡಿಯಾರವನ್ನೋ ತೂಗುಹಾಕಿಕೊಳ್ಳುವುದು ಮನೆಯವರ ಇಷ್ಟ. ಹೊರಮೈಯನ್ನು ಮನೆಯವರು ನೋಡುವುದೇ ಅಪರೂಪ. ಅದು ದಾರಿಹೋಕರ ಕಣ್ಣಿಗೆ ಮೀಸಲು. ಖರ್ಚು ಒಬ್ಬರದು, ನೋಟ ಇನ್ನೊಬ್ಬರದು. ತೊಡಕು ಹುಟ್ಟುವುದೇ ಇಲ್ಲಿ.

ಅಪ್ಪಣೆಯೊಂದೇ ಅಳತೆಗೋಲಾಗಲಾರದು ಎಂಬುದಕ್ಕೆ ಎರಡು ನಿದರ್ಶನ ಕೊಡುತ್ತೇನೆ. 2015ರಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದ ರಸ್ತೆಯಲ್ಲಿ ನೀರು ನಿಂತ ದೊಡ್ಡ ಗುಂಡಿಯೊಂದಿತ್ತು. ಕಲಾವಿದ ಬಾದಲ್ ನಂಜುಂಡಸ್ವಾಮಿ ಅದರೊಳಗೆ ತಾವು ಮಾಡಿದ ಮೊಸಳೆಯೊಂದನ್ನು ತಂದು ಬಿಟ್ಟರು. ಊರೆಲ್ಲ ನಕ್ಕಿತು, ಅಧಿಕಾರಿಗಳು ಬೇಗನೆ ಗುಂಡಿ ಮುಚ್ಚಿಸಿದರು. ಅವರು ಅರ್ಜಿ ಹಾಕಿ ಅಪ್ಪಣೆಗಾಗಿ ಕಾದಿದ್ದರೆ ಗುಂಡಿ ಇನ್ನಷ್ಟು ಆಳವಾಗುತ್ತಿತ್ತೇ ಹೊರತು ಬೇರೇನೂ ಆಗುತ್ತಿರಲಿಲ್ಲ. ಇನ್ನೊಂದು ನ್ಯೂಯಾರ್ಕಿನದು. ಅಲ್ಲಿ ಫೈವ್ ಪಾಯಿಂಟ್ಸ್ ಎಂಬ ಹಳೆಯ ಕಾರ್ಖಾನೆಯ ಗೋಡೆಗಳಿಗೆ ಮಾಲೀಕನ ಒಪ್ಪಿಗೆಯಿಂದಲೇ ವರ್ಷಗಟ್ಟಲೆ ಕಲಾವಿದರು ಬರೆದಿದ್ದರು. ನೋಡಲು ಪ್ರವಾಸಿಗಳು ಬರುತ್ತಿದ್ದರು. 2013ರಲ್ಲಿ ಮಾಲೀಕ ರಾತ್ರೋರಾತ್ರಿ ಎಲ್ಲಕ್ಕೂ ಬಿಳಿಯ ಬಣ್ಣ ಬಳಿಸಿದ. ಗೋಡೆ ಅವನದೇ, ಬಣ್ಣವೂ ಅವನದೇ. ಆದರೂ 2018ರಲ್ಲಿ ನ್ಯಾಯಾಲಯ 21 ಕಲಾವಿದರಿಗೆ ಸುಮಾರು 67 ಲಕ್ಷ ಡಾಲರ್ ಪರಿಹಾರ ಕೊಡಿಸಿತು. ಒಡೆತನಕ್ಕೂ ಒಂದು ಎಲ್ಲೆಯುಂಟೆಂದಾಯಿತು.

ಹಾಗಾದರೆ ಬೇರೆ ಅಳತೆ ಯಾವುದು? ಅದು ನನಗೆ ಹೊಳೆದದ್ದು ಬೆಂಗಳೂರಿನಲ್ಲಲ್ಲ, ನಮ್ಮ ಸೀಮೆಯಲ್ಲಿ. ಅದೇ ಬೇಸಗೆ ಅಜ್ಜಂಪುರದಲ್ಲಿ ಬಂಧುಗಳ ಮನೆಯ ಮದುವೆ. ಮೊಮ್ಮಗನಿಗೆ, “ನಿನ್ನ ಗೋಡೆಗಳನ್ನು ತೋರಿಸಿದೆಯಲ್ಲ, ಬಾ, ನನ್ನವನ್ನು ತೋರಿಸುತ್ತೇನೆ” ಎಂದೆ. ಕಡೂರಿನಲ್ಲಿ ರೈಲಿಳಿದೆವು. ಸಿಮೆಂಟು, ಗೊಬ್ಬರ, ಕೊಳವೆಬಾವಿಯ ಮೋಟರು, ಇಂಗ್ಲಿಷ್ ಕಲಿಸುವ ತರಗತಿ: ರಸ್ತೆಯ ಉದ್ದಕ್ಕೂ ಗೋಡೆಗಳು ಏನನ್ನಾದರೂ ಕೊಳ್ಳಿರೆಂದು ಕೂಗುತ್ತಿದ್ದುವು. ಒಂದು ಸರಕಾರಿ ಶಾಲೆಯ ಗೋಡೆಯಲ್ಲಿ ಮಾತ್ರ ಅ, ಆ, ಇ, ಈ. ಪಕ್ಕದಲ್ಲಿ ಅಳಿಲು, ಆನೆ. ಅದು ಏನನ್ನೂ ಮಾರುತ್ತಿರಲಿಲ್ಲ. ಅಜ್ಜಂಪುರದಲ್ಲಿ ಮದುವೆಮನೆಯ ಬಾಗಿಲ ಎರಡೂ ಬದಿಗೆ ವಧೂವರರ ಹೆಸರು ಬರೆದಿದ್ದರು. ಅದೇ ಬೀದಿಯಲ್ಲಿ ಎಂದೋ ನಡೆದ ಇನ್ನೊಂದು ಮದುವೆಯ ಹೆಸರುಗಳು ಮಳೆಗೆ ತೊಳೆದು ಅರ್ಧ ಉಳಿದಿದ್ದುವು. ನಾನು ಹುಡುಗನಾಗಿದ್ದಾಗ ಮಲೇರಿಯಾ ಇಲಾಖೆಯವರು ಮನೆಮನೆಗೆ ಬಂದು ಡಿ.ಡಿ.ಟಿ. ಹೊಡೆದು ಬಾಗಿಲ ಪಕ್ಕದಲ್ಲಿ ತಾರೀಖು ಬರೆದು ಹೋಗುತ್ತಿದ್ದುದು ನೆನಪಾಯಿತು. ಆ ಅಂಕಿಗಳಲ್ಲಿ ಅಂದವಿರಲಿಲ್ಲ. ಅವುಗಳಿಂದ ಜೀವ ಉಳಿದದ್ದುಂಟು.

ಮರುದಿನ ತರೀಕೆರೆಗೆ ಹೋಗಿ, ಅಲ್ಲಿಂದ ಅಮೃತಾಪುರಕ್ಕೆ ಹೋದೆವು. 1196ರಲ್ಲಿ ಹೊಯ್ಸಳ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರ ಕಟ್ಟಿಸಿದ ದೇವಾಲಯ. ಅಲ್ಲಿಯ ಶಾಸನವನ್ನು ರಚಿಸಿದವನು ಕವಿ ಜನ್ನ. ಮಂಟಪದ ಸುತ್ತಿನ ಕಿರುಗೋಡೆಯ ಮೇಲೆ ದಕ್ಷಿಣಕ್ಕೆ ರಾಮಾಯಣದ 70 ಫಲಕಗಳು. ಉತ್ತರಕ್ಕೆ ಕೃಷ್ಣನ ಕಥೆ, ಭಾರತದ ಕಥೆ. ಒಂದು ವಿಶೇಷವೆಂದರೆ ಇಲ್ಲಿಯ ರಾಮಾಯಣ ಎಡಸುತ್ತಿನಲ್ಲಿ ಸಾಗುತ್ತದೆ. ಪ್ರದಕ್ಷಿಣೆ ಬರುವವನಿಗೆ ಕಥೆ ತುದಿಯಿಂದ ಮೊದಲಿಗೆ ಸಿಗುತ್ತದೆ. ಕ್ರಮವಾಗಿ ಓದಬೇಕಾದರೆ ಅವನು ತಿರುಗಿ ನಡೆಯಬೇಕು. ಗೋಡೆಯನ್ನು ನಡೆದು ಓದುವುದು, ತಿಳಿದವರು ಮುಂದೆ ನಿಂತು ತೋರಿಸುವುದು, ನಮಗೆ ಹೊಸದೇನಲ್ಲ. ನನಗೆ ಈ ಫಲಕಗಳನ್ನು ಮೊದಲು ತೋರಿಸಿದವರು ನಮ್ಮ ಮೇಷ್ಟ್ರು, 1965ರಲ್ಲಿ, ಶಾಲೆಯ ಪ್ರವಾಸದಲ್ಲಿ. ಆಗ ನನಗೆ ಹನ್ನೆರಡು ವರ್ಷ.

ಇಲ್ಲಿಯವರೆಗೆ ಯಾರಿಗೂ ಹೇಳದ ಮಾತೊಂದನ್ನು ಈಗ ಹೇಳಬೇಕು. ಶಿಲ್ಪಿ ಮಲ್ಲಿತಮ್ಮ ತನ್ನ ಮೊದಲ ಕೆಲಸ ಮಾಡಿದ್ದು ಈ ದೇವಾಲಯದಲ್ಲಿ ಎನ್ನುತ್ತಾರೆ. ಮುಂದೆ ಸೋಮನಾಥಪುರದ ವಿಗ್ರಹಗಳ ಕೆಳಗೆ ಅವನ ಹೆಸರು ಮತ್ತೆ ಮತ್ತೆ ಕಾಣಸಿಗುತ್ತದೆ. ಕಲ್ಲಿನಲ್ಲಿ ಹೆಸರು ಕೆತ್ತಿದ್ದರಿಂದಲೇ ಅವನು ಇಂದಿಗೂ ಉಳಿದಿದ್ದಾನೆ ಎಂದು ಮೇಷ್ಟ್ರು ಹೇಳಿದರು. ಅವರು ಅತ್ತ ತಿರುಗಿದ ಮೇಲೆ ನಾನು ಕಂಪಾಸು ಪೆಟ್ಟಿಗೆಯಿಂದ ಕೈವಾರ ತೆಗೆದು ಒಂದು ಕಂಬದ ಹಿಂಬದಿಯಲ್ಲಿ ನನ್ನ ಹೆಸರನ್ನೂ ಇಸವಿಯನ್ನೂ ಗೀಚಿದೆ. ಬಳಪದ ಕಲ್ಲು, ಮೃದು. ಶಿಲ್ಪಿಯ ಉಳಿಗೆ ಒದಗಿದ ಗುಣವೇ ನನ್ನ ಕೈವಾರಕ್ಕೂ ಒದಗಿತು.

ಆ ಕಂಬವನ್ನು ಹುಡುಕಿ ಮೊಮ್ಮಗನಿಗೆ ತೋರಿಸಿದೆ. ಎರಡಕ್ಷರ ಮಾತ್ರ ಓದಲು ಬರುತ್ತಿತ್ತು. ಉಳಿದವುಗಳ ಮೇಲೆ ಬೇರೆ ಹುಡುಗರ ಹೆಸರುಗಳು ಹಾಯ್ದಿದ್ದುವು. ಅವನು ಬಹಳ ಹೊತ್ತು ನೋಡಿದ. ನಾನು ನನ್ನ ಸಿದ್ಧಾಂತ ಹೇಳಿದೆ: “ಮಲ್ಲಿತಮ್ಮ ಕೊಟ್ಟು ಹೆಸರು ಹಾಕಿದ, ನಾನು ಏನೂ ಕೊಡದೆ ಹಾಕಿದೆ. ಗೋಡೆ ಯಾರದೆಂದು ಕೇಳುವುದಕ್ಕಿಂತ, ಬರೆದವನು ಆ ಗೋಡೆಗೆ ಏನು ಕೊಟ್ಟ ಎಂದು ಕೇಳಬೇಕು. ಮೊಸಳೆ ಬಿಟ್ಟವರು ಕೊಟ್ಟರು. ಶಾಲೆಯ ಗೋಡೆಗೆ ಅಳಿಲು ಬರೆದವನು ಕೊಟ್ಟ. ಸಾಗರದ ಕಡೆ ದೀವರ ಹೆಣ್ಣುಮಕ್ಕಳು ಪುಂಡಿನಾರಿನ ಕುಂಚದಲ್ಲಿ ಕೆಮ್ಮಣ್ಣಿನ ಗೋಡೆಗೆ ಹಸೆ ಚಿತ್ತಾರ ಬರೆಯುತ್ತಾರಲ್ಲ, ಅವರು ಕೊಟ್ಟೂ ಹೆಸರು ಹಾಕುವುದಿಲ್ಲ.”

“ಅದೆಲ್ಲ ಸರಿ ತಾತ,” ಎಂದ ಅವನು. “ಆದರೆ ಕೊಡೋಕೆ ಏನೂ ಇಲ್ಲದವನು ಏನು ಮಾಡಬೇಕು? ನಾನೂ ಇದ್ದೇನೆ ಅಂತ ಅವನಿಗೂ ಹೇಳಬೇಕು ಅನ್ನಿಸಲ್ವೆ? ನಿಮಗೆ ಬರೆಯೋಕೆ ಪತ್ರಿಕೆ ಇದೆ. ಹನ್ನೆರಡು ವರ್ಷದಲ್ಲಿ ಏನಿತ್ತು? ಕಂಬ ಇತ್ತು.”

ಇದಕ್ಕೆ ನನ್ನಲ್ಲಿ ಥಟ್ಟನೆ ಉತ್ತರವಿರಲಿಲ್ಲ. ಈಗಲೂ ಪೂರ್ತಿಯಾಗಿ ಇಲ್ಲ. ರಾತ್ರಿ ಕದ್ದು ಗೋಡೆಗೆ ಹೆಸರು ಬರೆಯುವ ಹುಡುಗನನ್ನು ಪೋಕರಿಯೆಂದು ಕರೆದು ಮುಗಿಸುವುದು ಸುಲಭ. ಊರಿನಲ್ಲಿ ಎಲ್ಲಿಯೂ ಅವನ ಹೆಸರಿಗೆ ಜಾಗವಿಲ್ಲವೆಂಬುದನ್ನು ಯೋಚಿಸುವುದು ಕಷ್ಟ. ದುಡ್ಡಿದ್ದವನು ಅದೇ ಗೋಡೆಗೆ ತನ್ನ ಹೆಸರನ್ನು ಆಳುದ್ದದ ಅಕ್ಷರಗಳಲ್ಲಿ ಬರೆಸಿದರೆ ಅದನ್ನು ಜಾಹೀರಾತೆಂದು ಸಹಿಸುತ್ತೇವೆ. ಇಷ್ಟರಮಟ್ಟಿಗೆ ಮೊಮ್ಮಗನ ಮಾತಿಗೆ ತಲೆಬಾಗುತ್ತೇನೆ.

ಆದರೆ ಅವನ ವಾದ ನನ್ನನ್ನು ಬಿಡುಗಡೆ ಮಾಡುವುದಿಲ್ಲ. ‘ನಾನಿದ್ದೇನೆ’ ಎಂದು ಹೇಳುವ ಆತುರದಲ್ಲಿ, ಅಲ್ಲಿ ನನಗಿಂತ ಮೊದಲು ಒಬ್ಬನಿದ್ದ, ಕಂಬವನ್ನು ನುಣ್ಣಗೆ ಕಡೆದ ಒಬ್ಬ ಕೆಲಸಗಾರನಿದ್ದ, ಎಂಬುದನ್ನು ನಾನು ಮರೆತೆ. ಬೆಂಗಳೂರಿನಲ್ಲಿ ಕಮಲದ ಮೇಲೆ ಕಾಲಿಟ್ಟದ್ದೂ ಅದೇ ಮರವೆ. ಬರೆಯುವವನಾಗಲಿ ನೋಡುವವನಾಗಲಿ, ತಾನೊಬ್ಬನೇ ಅಲ್ಲಿರುವೆನೆಂದು ತಿಳಿದಾಗ ತಪ್ಪು ಆರಂಭವಾಗುತ್ತದೆ. ಚಿತ್ರಕ್ಕೆ ಒಪ್ಪಿಗೆ ಕೇಳಿದ ನಾವು, ನಮ್ಮ ಹದಿನಾಲ್ಕು ಜೊತೆ ಕಾಲುಗಳಿಗೆ ಒಪ್ಪಿಗೆ ಕೇಳಲಿಲ್ಲ. ಪ್ರವಾಸ ನಿಲ್ಲಲಿ ಎಂದು ನಾನು ಹೇಳುವುದಿಲ್ಲ. ಆ ಹುಡುಗಿ ಮೇಲೆ ನೋಡಲು ಕಲಿಸಿದ ಹಾಗೆಯೇ ಕೆಳಗೆ ನೋಡಲೂ ಒಂದು ಮಾತು ಹೇಳಲಿ, ಎದುರುಮನೆಯ ಬಾಗಿಲು ತಟ್ಟಿ, “ಅಮ್ಮಾ, ಬರಬಹುದೆ?” ಎಂದು ಕೇಳಲಿ. ಆಮೇಲೆ ಆ ಮನೆಯಾಕೆಯೇ ಹೊರಬಂದು ರಂಗೋಲಿಯನ್ನೂ ತೋರಿಸಿಯಾರು.

ನಾವು ಕಂಬದ ಬಳಿ ಬಗ್ಗಿ ನಿಂತಿದ್ದನ್ನು ಕಂಡು ದೇವಾಲಯದ ಕಾವಲಿನವನು ಹತ್ತಿರ ಬಂದ. “ಮುಟ್ಟಬೇಡಿ ಯಜಮಾನರೇ. ಹುಡುಗರು ಗೀಚಿ ಗೀಚಿ ಹಾಳುಮಾಡಿದ್ದಾರೆ” ಎಂದ. ಹೌದಪ್ಪಾ ಎಂದೆ. ಅವನು ಹೋದಮೇಲೆ ಮೊಮ್ಮಗ, “ಅವರಿಗೆ ಹೇಳಬಹುದಿತ್ತಲ್ಲ ತಾತ” ಎಂದ. ಹೇಳಬಹುದಿತ್ತು. ಅಳಿಸಲು ಹೋದರೆ ಇನ್ನೊಂದು ಗೀರಾಗುತ್ತದೆ. ಹೇಳುವುದೊಂದೇ ಉಳಿದಿದ್ದ ದಾರಿ. ಅಂದು ನನಗೆ ಬಾಯಿ ಬರಲಿಲ್ಲ. ಅದಕ್ಕಾಗಿ ಇಲ್ಲಿ ಬರೆದಿದ್ದೇನೆ.